ಸ್ಪ್ಯಾನರ್ ಅದೇ, ಸಹಿ ಬೇರೆ

ಬೆಂಗಳೂರಿನಲ್ಲಿ ಎರಡು ಮಾರೇನಹಳ್ಳಿಗಳಿವೆ. ನಮ್ಮದು ಜೆ.ಪಿ. ನಗರದ ಕಡೆಯದಲ್ಲ, ವಿಜಯನಗರದ್ದು. ಅಲ್ಲಿ ನನ್ನ ಸೋದರಮಾವನ ಗ್ಯಾರೇಜಿದೆ. ಎರಡು ಶಟರ್‌ನ ಜಾಗ. ಒಳಗೆ ಎರಡು ಕಾರು ನಿಂತರೆ ಮೂರನೆಯದು ರಸ್ತೆಗೇ. ಗಾಡಿ ಬಂದರೆ ಮಾವ ಮೊದಲು ಬಾನೆಟ್ ಎತ್ತುವುದಿಲ್ಲ. ಸ್ಟಾರ್ಟ್ ಮಾಡಿಸುತ್ತಾರೆ, ಬಾನೆಟ್ ಮೇಲೆ ಅಂಗೈ ಇಟ್ಟು, ತಲೆ ಒಂದು ಕಡೆಗೆ ವಾಲಿಸಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಒಂದೇ ಮಾತು: ‘ಟ್ಯಾಪೆಟ್’ ಅಥವಾ ‘ಬೇರಿಂಗ್ ಹೋಗಿದೆ’. ಹತ್ತಕ್ಕೆ ಒಂಬತ್ತು ಸಲ ಅದೇ ನಿಜವಾಗಿರುತ್ತದೆ. ನಾನು ಕೆಲಸ ಕಲಿತದ್ದು ಆ ಕಿವಿಯನ್ನು ನೋಡಿಯೇ.

ವರ್ಷಗಳ ನಂತರ, ವಿಮಾನದ ಹ್ಯಾಂಗರಿಗೆ ಸೇರಿದ ಮೊದಲ ವಾರ. ಒಂದು ಚಕ್ರ ಕೈಯಿಂದ ತಿರುಗಿಸಿ ನೋಡಿ, ‘ಸರ್, ಇದರ ಬೇರಿಂಗ್ ಸರಿಯಿಲ್ಲ ಅನಿಸುತ್ತೆ’ ಎಂದೆ. ಹಿರಿಯ ಎಂಜಿನಿಯರ್ ನಕ್ಕು, ‘ಇರಬಹುದು. ಯಾವ ಪುಟದಲ್ಲಿದೆ?’ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಎಷ್ಟು ಆಟ ಇದ್ದರೆ ಒಪ್ಪಬಹುದು, ಎಷ್ಟಿದ್ದರೆ ಬಿಚ್ಚಬೇಕು ಎನ್ನುವುದನ್ನು ಮ್ಯಾನ್ಯುಯಲ್‌ನ ಯಾವ ಪುಟ ಹೇಳುತ್ತದೆ ಎಂಬುದು ಅವರ ಪ್ರಶ್ನೆ. ಪುಟ ಹುಡುಕಲು ನನಗೆ ಅರ್ಧ ಗಂಟೆ ಬೇಕಾಯಿತು. ನನ್ನ ಅಂದಾಜು ಸರಿಯಾಗಿಯೇ ಇತ್ತು. ಆದರೆ ಆ ಅಂದಾಜಿಗೆ ಅಲ್ಲಿ ಬೆಲೆ ಬಂದದ್ದು ಪುಟ ಸಿಕ್ಕ ಮೇಲೆ.

ಗ್ಯಾರೇಜಿನಿಂದ ಹ್ಯಾಂಗರಿಗೆ ಹೋಗಬಹುದೇ ಎಂದು ಕೇಳುವ ಹುಡುಗರು ನನಗೆ ಈಗ ವಾರಕ್ಕೊಬ್ಬರಾದರೂ ಸಿಗುತ್ತಾರೆ. ಹೋಗಬಹುದು. ಆದರೆ ಏನನ್ನು ಹೊತ್ತುಕೊಂಡು ಹೋಗಬಹುದು, ಏನನ್ನು ಶಟರ್ ಹೊರಗೇ ಬಿಡಬೇಕು ಎನ್ನುವುದನ್ನು ಯಾರೂ ನೇರವಾಗಿ ಹೇಳುವುದಿಲ್ಲ. ಕೋರ್ಸ್ ಮಾರುವವರಂತೂ ಹೇಳುವುದೇ ಇಲ್ಲ. ಅದಕ್ಕಾಗಿ ಈ ಬರಹ.

ಮರೆತಿದ್ದ ಅಂಕಪಟ್ಟಿ

ನಾನು ಪಿಯುಸಿ ಮುಗಿಸಿದ್ದು 2013ರಲ್ಲಿ. ವಿಜ್ಞಾನ, ಶೇ 54. ಅಪ್ಪ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಆಪರೇಟರ್. ಆ ವರ್ಷ ಅವರ ಕೈಗೆ ಪೆಟ್ಟಾಗಿ ಮನೆಯಲ್ಲಿ ಕೂತರು. ಸಿಇಟಿಯಲ್ಲಿ ಬಂದ ರ್‍ಯಾಂಕಿಗೆ ಸಿಗುತ್ತಿದ್ದ ಸೀಟಿನ ಶುಲ್ಕ ನಮ್ಮ ಕೈಗೆ ಎಟುಕುವಂಥದ್ದಲ್ಲ. ಮಾವ, ‘ಬಾರೋ, ಸುಮ್ಮನೆ ಯಾಕೆ ಕೂರ್ತೀಯ’ ಎಂದರು. ಮೂರು ವರ್ಷ ಅಲ್ಲೇ ಕಳೆದೆ. ಅಂಕಪಟ್ಟಿ ಅಮ್ಮನ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತು.

ಹಳೆಯ ಚೇತಕ್ ಸ್ಕೂಟರ್ ರಿಪೇರಿಗೆ ತರುತ್ತಿದ್ದ ಹಿರಿಯರೊಬ್ಬರಿದ್ದರು, ಎಚ್‌ಎಎಲ್‌ನಿಂದ ನಿವೃತ್ತರಾದವರು. ಒಂದು ದಿನ ನಾನು ಕಾರ್ಬುರೇಟರ್ ಬಿಚ್ಚಿ, ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಜೋಡಿಸುತ್ತಿದ್ದುದನ್ನು ನೋಡುತ್ತಾ ನಿಂತವರು, ‘ಏನಪ್ಪಾ ಓದಿದ್ದೀಯ?’ ಎಂದರು. ಪಿಯುಸಿ ಎಂದೆ. ‘ಯಾವ ಸಬ್ಜೆಕ್ಟು?’ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಎಂದೆ. ‘ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?’ ಎಂದರು. ವಿಮಾನ ನಿರ್ವಹಣೆಯ ಲೈಸೆನ್ಸ್ ಎಂಬುದೊಂದಿದೆ ಎಂದು ನನಗೆ ಗೊತ್ತಾದದ್ದು ಆವತ್ತು.

ಈ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ನಿಯಮಗಳ ಪುಸ್ತಕ ಸಿಎಆರ್-66. ಅದರ ಪ್ರಕಾರ ಅರ್ಜಿದಾರನಿಗೆ 18 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಂದಿಗೆ ಪಿಯುಸಿ ಅಥವಾ ಅದಕ್ಕೆ ಸಮನಾದ ಎಂಜಿನಿಯರಿಂಗ್ ಡಿಪ್ಲೊಮಾ ಇರಬೇಕು. ಮೊದಲ ಬಾಗಿಲು ಇದೇ. ಎಸ್ಸೆಸ್ಸೆಲ್ಸಿ ಮುಗಿಸಿ ನೇರವಾಗಿ ಗ್ಯಾರೇಜಿಗೆ ಬಂದವನ ಕೈ ಎಷ್ಟೇ ಪಳಗಿದ್ದರೂ ಈ ಬಾಗಿಲು ತೆರೆಯುವುದಿಲ್ಲ. ಒಂದು ವಿಷಯದಲ್ಲಿ ಫೇಲಾಗಿ ಪಿಯುಸಿ ಬಿಟ್ಟಿರುವ ಗೆಳೆಯರೇ, ದಯವಿಟ್ಟು ಉಳಿದ ವಿಷಯದ ಪರೀಕ್ಷೆ ಕಟ್ಟಿ. ಆ ಕಾಗದ ಯಾವಾಗ ಬೇಕಾಗುತ್ತದೋ ಹೇಳಲಾಗದು.

ಕೋರ್ಸ್ ಬೇರೆ, ಲೈಸೆನ್ಸ್ ಬೇರೆ

2016ರಲ್ಲಿ ಸಾಲ ಮಾಡಿ ತರಬೇತಿ ಸಂಸ್ಥೆ ಸೇರಿದೆ. ಸೇರುವ ಮುನ್ನ ಮಾತನಾಡಿಸಿದ ಏಜೆಂಟ್ ಒಬ್ಬ, ‘ಕೋರ್ಸ್ ಮುಗಿದರೆ ಲೈಸೆನ್ಸ್, ಲೈಸೆನ್ಸ್ ಬಂದರೆ ಲಕ್ಷ ಸಂಬಳ’ ಎಂದಿದ್ದ. ಆ ವಾಕ್ಯದ ಎರಡು ತುಂಡೂ ಸುಳ್ಳು.

ಸಂಸ್ಥೆ ಕಲಿಸುತ್ತದೆ, ಪರೀಕ್ಷೆ ನಡೆಸಿ ಲೈಸೆನ್ಸ್ ಕೊಡುವುದು ಡಿಜಿಸಿಎ. ದೊಡ್ಡ ಜೆಟ್ ವಿಮಾನಗಳ ಮೆಕ್ಯಾನಿಕಲ್ ಕೆಲಸಕ್ಕೆ ಬೇಕಾದದ್ದು ಬಿ1.1 ವರ್ಗ. ಎಲೆಕ್ಟ್ರಾನಿಕ್ಸ್, ರೇಡಿಯೊ, ನ್ಯಾವಿಗೇಷನ್ ಕಡೆಯದು ಬಿ2. ಪರೀಕ್ಷೆಗಳನ್ನು ಮಾಡ್ಯೂಲ್ ಎನ್ನುತ್ತಾರೆ: ಗಣಿತ, ಭೌತಶಾಸ್ತ್ರ, ವಿದ್ಯುತ್, ಎಲೆಕ್ಟ್ರಾನಿಕ್ಸ್, ಲೋಹಗಳು, ನಿರ್ವಹಣಾ ಪದ್ಧತಿ, ಏರೋಡೈನಮಿಕ್ಸ್, ಮನುಷ್ಯನ ತಪ್ಪುಗಳ ಬಗ್ಗೆಯೇ ಒಂದು, ಕಾನೂನಿನ ಬಗ್ಗೆ ಒಂದು, ಹೀಗೆ. ಪಾಸಾಗಲು ಪ್ರತಿಯೊಂದರಲ್ಲೂ ಶೇ 75 ಬೇಕು. ಪಿಯುಸಿಯಲ್ಲಿ 54 ತೆಗೆದವನಿಗೆ ಈ 75 ಏನೆಂದು ಬೇರೆ ಹೇಳಬೇಕಿಲ್ಲ. ವಿದ್ಯುತ್ ಮಾಡ್ಯೂಲ್‌ನಲ್ಲಿ ಎರಡು ಸಲ ಫೇಲಾದೆ, ಒಮ್ಮೆ 68, ಇನ್ನೊಮ್ಮೆ 72. 72ಕ್ಕೆ ಫೇಲಾಗುವ ಸಂಕಟವನ್ನು ಮನೆಯವರಿಗೆ ವಿವರಿಸುವುದು ಕಷ್ಟ.

ಹಂಪಿನಗರದ ಗ್ರಂಥಾಲಯ ನಿಮಗೆ ಗೊತ್ತಿರಬಹುದು. ಕೆಎಎಸ್, ಪಿಎಸ್‌ಐ, ಎಫ್‌ಡಿಎಗೆ ಓದುವವರ ನಡುವೆ ನಾನೊಬ್ಬ ಟ್ರಾನ್ಸ್‌ಫಾರ್ಮರ್ ಚಿತ್ರ ಬರೆಯುತ್ತಾ ಕೂರುತ್ತಿದ್ದೆ. ನನ್ನ ಉಗುರಿನಲ್ಲಿ ಗ್ರೀಸ್ ಇರುತ್ತಿತ್ತು, ಏಕೆಂದರೆ ಭಾನುವಾರ ಮಾವನ ಬಳಿ ದುಡಿದರೆ ಮಾತ್ರ ಬಸ್ ಪಾಸಿನ ದುಡ್ಡು.

ಒಂದು ತಮಾಷೆ ಹೇಳಬೇಕು. ನನಗೆ ಚೆನ್ನಾಗಿ ಗೊತ್ತಿದ್ದದ್ದು ಪಿಸ್ಟನ್ ಎಂಜಿನ್. ಅದು 16ನೇ ಮಾಡ್ಯೂಲ್, ಬಿ1.1ಕ್ಕೆ ಅದು ಬೇಕೇ ಇಲ್ಲ! ಬೇಕಾದದ್ದು 15ನೆಯದು, ಗ್ಯಾಸ್ ಟರ್ಬೈನ್. ಮೊದಲು ಮುಖ ಸಪ್ಪಗಾಯಿತು. ಓದುತ್ತಾ ಹೋದಂತೆ ಸಮಾಧಾನವೂ ಆಯಿತು. ಬೈಕಿನ ಎಂಜಿನ್ ಗಾಳಿ ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಉರಿಸುತ್ತದೆ, ಹೊರಗೆ ತಳ್ಳುತ್ತದೆ. ಒಂದೇ ಸಿಲಿಂಡರಿನಲ್ಲಿ ಒಂದಾದ ಮೇಲೊಂದು. ಜೆಟ್ ಎಂಜಿನ್ ಮಾಡುವುದೂ ಇದೇ ನಾಲ್ಕು ಕೆಲಸ. ಆದರೆ ನಾಲ್ಕೂ ಬೇರೆ ಬೇರೆ ಜಾಗದಲ್ಲಿ, ಒಂದೇ ಹೊತ್ತಿಗೆ, ಬಿಡುವಿಲ್ಲದೆ ನಡೆಯುತ್ತವೆ. ಗ್ಯಾರೇಜಿನ ಜ್ಞಾನ ವ್ಯರ್ಥವಾಗುವುದಿಲ್ಲ, ಅದನ್ನು ಬೇರೆ ಕ್ರಮದಲ್ಲಿ ಜೋಡಿಸಿಕೊಳ್ಳಬೇಕಾಗುತ್ತದೆ.

ಪರೀಕ್ಷೆಗಳ ಜತೆಗೆ ಬಳಕೆಯಲ್ಲಿರುವ ವಿಮಾನಗಳ ಮೇಲೆ ಕೆಲಸ ಮಾಡಿದ ಅನುಭವ ಬೇಕು. ಬಿ1.1ಕ್ಕೆ ಅನುಮೋದಿತ ಕೋರ್ಸ್ ಮಾಡಿದವರಿಗೆ 2 ವರ್ಷ, ಡಿಜಿಸಿಎ ಒಪ್ಪುವ ತಾಂತ್ರಿಕ ವೃತ್ತಿ ತರಬೇತಿ ಇದ್ದವರಿಗೆ 3 ವರ್ಷ, ಏನೂ ಇಲ್ಲದವರಿಗೆ 5 ವರ್ಷ. ನಾನು ಕಲಿತಾಗಿನ ನಿಯಮ ಇದು. ಸೇರುವ ಮುನ್ನ ಡಿಜಿಸಿಎ ಜಾಲತಾಣದಲ್ಲಿ ಈಗಿನ ಸಿಎಆರ್-66 ಅನ್ನು ನೀವೇ ಓದಿ, ಏಜೆಂಟನ ಬಾಯಿಂದ ಕೇಳಬೇಡಿ. ಲೈಸೆನ್ಸ್ ಬಂದ ಮೇಲೂ ಯಾವ ವಿಮಾನಕ್ಕೆ ಸಹಿ ಹಾಕಬೇಕೋ ಆ ಮಾದರಿಯ ತರಬೇತಿ ಪ್ರತ್ಯೇಕ. ಅದರ ಮೇಲೆ ಕೆಲಸ ಕೊಟ್ಟ ಸಂಸ್ಥೆಯ ಅಧಿಕಾರಪತ್ರ ಬೇಕು. ಇವೆಲ್ಲ ಕೂಡಿದ ಮೇಲೇ ‘ಈ ವಿಮಾನ ಹಾರಲು ಯೋಗ್ಯ’ ಎಂದು ಸಹಿ ಹಾಕುವ ಹಕ್ಕು.

ಕಣ್ಣಳತೆಯ ಬೆಲೆ

ಇಷ್ಟೊಂದು ಕಾಗದ ಯಾಕೆ ಎಂದು ನಾನೂ ಗೊಣಗುತ್ತಿದ್ದೆ. ತರಗತಿಯಲ್ಲಿ ಒಂದು ಪ್ರಕರಣ ಹೇಳಿದ ಮೇಲೆ ಗೊಣಗುವುದು ನಿಂತಿತು.

1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಕ್ಕೆ ಹೊರಟಿತ್ತು. 17 ಸಾವಿರ ಅಡಿ ದಾಟಿದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹಾರಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆದುಹೋಯಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು; ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಅದೃಷ್ಟಕ್ಕೆ ಎಲ್ಲರೂ ಬದುಕಿದರು, ಕ್ಯಾಪ್ಟನ್ ಕೂಡ.

ಆ ಗಾಜನ್ನು ಹಾರಾಟಕ್ಕೆ 27 ಗಂಟೆ ಮೊದಲಷ್ಟೇ, ರಾತ್ರಿ ಪಾಳಿಯಲ್ಲಿ ಬದಲಿಸಲಾಗಿತ್ತು. ಹಾಕಿದ 90 ಬೋಲ್ಟ್‌ಗಳಲ್ಲಿ 84ರ ದಪ್ಪ ಇರಬೇಕಾದುದಕ್ಕಿಂತ 0.026 ಇಂಚು ಕಡಿಮೆ. ಅಂದರೆ ಒಂದು ಮಿಲಿಮೀಟರ್ ಕೂಡ ಅಲ್ಲ. ಕೆಲಸ ಮಾಡಿದವರು ಹೊಸಬರಲ್ಲ, ಅನುಭವಿ. ಅವರು ಮಾಡಿದ್ದು ನಾವು ಗ್ಯಾರೇಜಿನಲ್ಲಿ ದಿನಾ ಮಾಡುವುದನ್ನೇ: ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಅದಕ್ಕೆ ಹೊಂದುವ ಹೊಸದನ್ನು ಕಣ್ಣಳತೆಯಲ್ಲಿ ಹುಡುಕುವುದು. ಅದರ ಮೇಲೆ, ಬಿಚ್ಚಿದ ಹಳೆಯ ಬೋಲ್ಟ್‌ಗಳೂ ಸರಿಯಾದ ಅಳತೆಯವಲ್ಲ ಎಂದು ಆಮೇಲೆ ಗೊತ್ತಾಯಿತು.

ಆವತ್ತು ತರಗತಿಯಲ್ಲಿ ಕೂತು ನಾನು ನೆನಪು ಮಾಡಿಕೊಂಡೆ, ಎಷ್ಟು ಸಲ ‘ಇದು ಕೂರುತ್ತೆ ಬಿಡು’ ಎಂದಿದ್ದೇನೆ ಎಂದು. ಎಷ್ಟು ನಟ್ಟನ್ನು ‘ಇನ್ನೊಂದು ಸುತ್ತು’ ಎಂದು ಬಿಗಿದಿದ್ದೇನೆ ಎಂದು. ಕಾರು ಕೈಕೊಟ್ಟರೆ ರಸ್ತೆ ಪಕ್ಕಕ್ಕೆ ನಿಲ್ಲುತ್ತದೆ. ಆಕಾಶದಲ್ಲಿ ಪಕ್ಕ ಇಲ್ಲ.

ಒಂದು ಸಾಕೆಟ್, ನಲವತ್ತು ನಿಮಿಷ

ಓದಿ ತಿಳಿದದ್ದು ಒಂದಾದರೆ, ಅನುಭವಿಸಿ ತಿಳಿದದ್ದು ಇನ್ನೊಂದು. ಗ್ಯಾರೇಜಿನಲ್ಲಿ 10 ಎಂಎಂ ಸ್ಪ್ಯಾನರ್ ಕಳೆದುಹೋಗುವುದು ಎಲ್ಲರಿಗೂ ಗೊತ್ತಿರುವ ಜೋಕು. ಹೊಸದು ತಂದರೆ ಮುಗಿಯಿತು. ಹ್ಯಾಂಗರಿನಲ್ಲಿ ಪ್ರತಿ ಉಪಕರಣಕ್ಕೂ ಡಬ್ಬಿಯ ಫೋಮಿನಲ್ಲಿ ಅದೇ ಆಕಾರದ ಗುಳಿ ಇರುತ್ತದೆ. ಕೆಲಸ ಮುಗಿದ ಮೇಲೆ ಗುಳಿ ಖಾಲಿ ಇದ್ದರೆ ವಿಮಾನ ಹೊರಡುವುದಿಲ್ಲ.

ಸೇರಿ ಏಳನೇ ತಿಂಗಳು, ರಾತ್ರಿ ಪಾಳಿ. ಬೆಳಿಗ್ಗೆ ಮೊದಲ ಹಾರಾಟಕ್ಕೆ ಹೋಗಬೇಕಿದ್ದ ವಿಮಾನ. ನಾಲ್ಕೂವರೆಗೆ ಡಬ್ಬಿ ಎಣಿಸಿದೆ. 3/8 ಇಂಚಿನ ಸಾಕೆಟ್ ಇರಲಿಲ್ಲ. ಪಕ್ಕದ ಡಬ್ಬಿಯಲ್ಲಿ ಅದೇ ಅಳತೆಯದು ಇತ್ತು. ಅದನ್ನು ತೆಗೆದು ಇದರಲ್ಲಿ ಇಟ್ಟರೆ ಈ ಗಳಿಗೆಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳೇಕೆ, ಕೈ ಅತ್ತ ಹೋಗಿತ್ತು. ಕೆಲಸ ಹೋದರೆ ಸಾಲ ಯಾರು ಕಟ್ಟುತ್ತಾರೆ ಎನ್ನುವುದಷ್ಟೇ ತಲೆಯಲ್ಲಿತ್ತು.

ಹೋಗಿ ಹೇಳಿದೆ. ಮುಚ್ಚಿದ್ದ ಎಂಜಿನ್ ಕವಚವನ್ನು ಮತ್ತೆ ತೆರೆದರು. ಐದು ಜನ ಟಾರ್ಚ್ ಹಿಡಿದು ಹುಡುಕಿದೆವು. ಒಂದು ಬ್ರಾಕೆಟ್ ಹಿಂದೆ, ವೈರಿನ ಕಟ್ಟಿನ ಪಕ್ಕ ಸಿಕ್ಕಿತು. ವಿಮಾನ 40 ನಿಮಿಷ ತಡವಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಹಿರಿಯರು ಬೈಯಲಿಲ್ಲ, ಪೆನ್ ಕೊಟ್ಟರು. ‘ಏನಾಯ್ತೋ ಹಾಗೇ ಬರಿ. ಚೆನ್ನಾಗಿ ಬರೆಯೋದು ಬೇಡ, ಸರಿಯಾಗಿ ಬರಿ’ ಎಂದರು.

ನಾನು ಬೆಳೆದ ಕೆಲಸದಲ್ಲಿ ತಪ್ಪು ಒಪ್ಪಿಕೊಂಡವನು ಗಿರಾಕಿಯನ್ನೂ ಕಳೆದುಕೊಳ್ಳುತ್ತಾನೆ, ಮರ್ಯಾದೆಯನ್ನೂ. ಇಲ್ಲಿ ಒಪ್ಪಿಕೊಳ್ಳದವನನ್ನು ಯಾರೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. ಗ್ಯಾರೇಜಿನಿಂದ ಬರುವವರಿಗೆ ನಿಜವಾದ ಪರೀಕ್ಷೆ ಇದು. ಇದಕ್ಕೆ ಮಾಡ್ಯೂಲ್ ಸಂಖ್ಯೆ ಇಲ್ಲ.

ಹಾರಾಟ ನಿಂತ ಎರಡು ತಿಂಗಳು

ಈ ದಾರಿ ನೇರ ಎಂದು ನಾನು ಹೇಳಲಾರೆ. 2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶದೊಳಗಿನ ವಿಮಾನ ಪ್ರಯಾಣವೇ ನಿಂತಿತ್ತು. ನಂತರವೂ ಬಹಳ ಕಾಲ ವಿಮಾನಗಳು ಮೊದಲಿನಷ್ಟು ಹಾರಲಿಲ್ಲ. ನನ್ನದು ಗುತ್ತಿಗೆ ಕೆಲಸ, ಮುಂದುವರಿಯಲಿಲ್ಲ. ಮಾವನ ಗ್ಯಾರೇಜಿಗೇ ಮರಳಿದೆ. ‘ವಿಮಾನ ಇಳಿದು ಬಂತು’ ಎಂದು ಬೀದಿಯವರು ನಕ್ಕರು. ಒಂದೂವರೆ ವರ್ಷ ಬ್ರೇಕ್ ಶೂ ಬದಲಿಸುತ್ತಾ ಉಳಿದ ಮಾಡ್ಯೂಲ್ ಮುಗಿಸಿದೆ. 2022ರಲ್ಲಿ ಲೈಸೆನ್ಸ್ ಬಂತು. ಮಾದರಿ ತರಬೇತಿ ಮುಗಿಸಿ ಮೊದಲ ಬಾರಿ ನನ್ನ ಹೆಸರಿನಲ್ಲಿ ಒಂದು ಎ320 ವಿಮಾನವನ್ನು ಬಿಟ್ಟುಕೊಟ್ಟದ್ದು 2024ರಲ್ಲಿ. ಗ್ಯಾರೇಜಿಗೆ ಕಾಲಿಟ್ಟು ಆಗ ಹನ್ನೊಂದು ವರ್ಷ. ಕಾಯಲು ಆಗದವರು ಈ ದಾರಿ ಹಿಡಿಯಬೇಡಿ. ಹಿಡಿದರೆ ಕೈಯಲ್ಲಿರುವ ಇನ್ನೊಂದು ಕಸುಬನ್ನು ಮರೆಯಬೇಡಿ. ಕೆಟ್ಟ ಕಾಲದಲ್ಲಿ ನನಗೆ ಅನ್ನ ಹಾಕಿದ್ದು ಅದೇ.

ನಮ್ಮ ಕೆಲಸಕ್ಕೊಂದು ಕಾಗದ

ವಿಮಾನದ ಕೆಲಸ ಹುಟ್ಟಿದ್ದೇ ಇಂಥ ಚಿಕ್ಕ ಅಂಗಡಿಯಲ್ಲಿ. ರೈಟ್ ಸಹೋದರರ 1903ರ ವಿಮಾನಕ್ಕೆ ಎಂಜಿನ್ ಮಾಡಿಕೊಟ್ಟದ್ದು ಚಾರ್ಲಿ ಟೇಲರ್, ಅವರ ಸೈಕಲ್ ಅಂಗಡಿಯ ಕೆಲಸಗಾರ. ಆರು ವಾರದಲ್ಲಿ, ಸುಮಾರು 12 ಅಶ್ವಶಕ್ತಿಯದು. ಅವರ ಹುಟ್ಟುಹಬ್ಬವಾದ ಮೇ 24 ಅನ್ನು ಅಮೆರಿಕದಲ್ಲಿ ವಿಮಾನ ನಿರ್ವಹಣಾ ತಂತ್ರಜ್ಞರ ದಿನವಾಗಿ ಆಚರಿಸುತ್ತಾರೆ. ದೇವನಹಳ್ಳಿಯ ನಮ್ಮ ವಿಮಾನ ನಿಲ್ದಾಣ ಶುರುವಾದದ್ದೂ ಕಾಕತಾಳೀಯವಾಗಿ ಒಂದು ಮೇ 24ರಂದೇ, 2008ರಲ್ಲಿ. ಬೆಂಗಳೂರಿಗೆ ಈ ವಿದ್ಯೆ ಅದಕ್ಕಿಂತ ಎಷ್ಟೋ ಹಳೆಯದು. ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಇಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದು 1940ರಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಯುದ್ಧವಿಮಾನಗಳು ಇಲ್ಲಿಯೇ ದುರಸ್ತಿಯಾಗುತ್ತಿದ್ದವು.

ಇಂಥ ಊರಿನಲ್ಲಿ, ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರಿಗೆ ತಮ್ಮ ಕೆಲಸ ತೋರಿಸಲು ಒಂದು ಕಾಗದವೂ ಇಲ್ಲ. ಮೂರು ವರ್ಷ ದುಡಿದ ನನ್ನ ಬಳಿಯೂ ಇರಲಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ದೊಡ್ಡ ಕಾರ್ಖಾನೆಗಳಿಗೆ ತಲುಪಿದೆ, ಇಬ್ಬರು ಮೂವರು ದುಡಿಯುವ ಶೆಡ್‌ಗಳಿಗೆ ತಲುಪಿಲ್ಲ. ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ವ್ಯವಸ್ಥೆ ಕೌಶಲ ಯೋಜನೆಯಲ್ಲಿದೆ; ನಮ್ಮ ಬೀದಿಯಲ್ಲಿ ಅದನ್ನು ಕೇಳಿದವರೇ ಇಲ್ಲ. ದೇವನಹಳ್ಳಿಯಲ್ಲಿ ಹ್ಯಾಂಗರುಗಳು ಹೆಚ್ಚುತ್ತಿವೆ. ಪಾಲಿಟೆಕ್ನಿಕ್, ಐಟಿಐಗಳು ಸಂಜೆ ಹೊತ್ತು ಗ್ಯಾರೇಜಿನ ಹುಡುಗರಿಗೆ ಒಂದಿಷ್ಟು ಗಣಿತ, ಒಂದಿಷ್ಟು ವಿದ್ಯುತ್, ಮ್ಯಾನ್ಯುಯಲ್ ಓದುವಷ್ಟು ಇಂಗ್ಲಿಷ್ ಕಲಿಸಿದರೆ ಸಾಕು. ಕೈ ಈಗಾಗಲೇ ಪಳಗಿದೆ. ಪಳಗಿದ ಕೈಗೆ ಪುಟ ತಿರುಗಿಸುವುದನ್ನು ಕಲಿಸುವುದು ಸುಲಭ. ಇದರ ಉಲ್ಟಾ ಅಷ್ಟು ಸುಲಭವಲ್ಲ. ಹ್ಯಾಂಗರಿನಲ್ಲಿ ಎರಡನ್ನೂ ನೋಡಿದ್ದೇನೆ.

ಸರ್ಕಾರಕ್ಕೆ ಕಾಯದೆ ನಾವು ಮಾಡಬಹುದಾದದ್ದೂ ಇದೆ. ಕಳೆದ ವರ್ಷ ವಾರದ ರಜೆಯಲ್ಲಿ ಗ್ಯಾರೇಜಿಗೆ ಹೋದಾಗ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಂಡೊಯ್ದೆ. ಗಾಡಿ ನಂಬರ್, ಏನು ದೂರು, ಏನು ಬಿಚ್ಚಿದ್ದು, ಯಾವ ಪಾರ್ಟ್ ಹಾಕಿದ್ದು, ಯಾರು ಮಾಡಿದ್ದು, ಯಾರು ನೋಡಿದ್ದು ಎಂದು ಗೆರೆ ಹಾಕಿಕೊಟ್ಟೆ. ಮಾವ ನಕ್ಕರು. ‘ನಮ್ ಗಾಡಿ ಹಾರಲ್ಲ ಕಣೋ’ ಎಂದರು.

ಮೊನ್ನೆ ಹೋದಾಗ ಪುಸ್ತಕ ಮೊಳೆಗೆ ನೇತಾಡುತ್ತಿತ್ತು. ಮೂಲೆಗಳು ಗ್ರೀಸಿಗೆ ಕಪ್ಪಾಗಿದ್ದವು. ತಿರುವಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ತುಂಬಿದೆ, ಎಲ್ಲ ಕನ್ನಡದಲ್ಲೇ. ಈ ವರ್ಷ ಸೇರಿದ ಹುಡುಗ ಕ್ಲಚ್ ಪ್ಲೇಟ್ ಬದಲಿಸಿದ್ದನ್ನು ಬರೆದು, ಕೆಳಗೆ ತನ್ನ ಹೆಸರು ಹಾಕಿದ್ದಾನೆ. ಪಕ್ಕದಲ್ಲಿ ‘ನೋಡಿದೆ, ಸರಿ ಇದೆ’ ಎಂದು ಮಾವನ ಸಹಿ. ಆ ಹುಡುಗನಿಗೆ ಕೆಮಿಸ್ಟ್ರಿ ಒಂದು ಉಳಿದಿದೆಯಂತೆ. ಪರೀಕ್ಷೆಯ ಶುಲ್ಕ ಮಾವನೇ ಕಟ್ಟಿದ್ದಾರೆ.